ನೊಣಗಳಿಗೆ ಬಾಣಂತನ ಮಾಡಿದವರು

ಕಳೆದ ತಿಂಗಳು ಇಲ್ಲಿನ ಕನ್ನಡ ಕೂಟದವರು ಅವರಿಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ಜರ್ಮನಿಯ ಎರ್ಲಾಂಗೆನ್ನಿನ ಚರ್ಚೊಂದರ ಬಾಡಿಗೆ ಸಭಾಂಗಣದಲ್ಲಿ ಕುರ್ಚಿ ಹಾಕಿ, ಮೇಜಿನ ಮೇಲೆ ಫೋಟೋ ಇಟ್ಟು, ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಎಲ್ಲರೂ ಒಳ್ಳೆಯವರೇ, ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು. ಒಬ್ಬರು ಅವರನ್ನು ಹೆಸರಾಂತ ವೈದ್ಯರು ಅಂದರು. ಇನ್ನೊಬ್ಬರು ಆಫ್ರಿಕದಿಂದ ಮಲೇರಿಯಾ ಓಡಿಸಲು ಜೀವ ತೇಯ್ದವರು ಅಂದರು. ಮತ್ತೊಬ್ಬರು ಸೊಳ್ಳೆಗಳ ಬಗ್ಗೆ ಅವರು ಮಾಡಿದ ಸಂಶೋಧನೆಯನ್ನು ಕೊಂಡಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಜಗಳವಾಡಬೇಕು ಅನ್ನಿಸಿತು, ಆದರೆ ಅಷ್ಟು ಚೈತನ್ಯವೂ ಇರಲಿಲ್ಲ. ಅವರು ಓದಿದ್ದು ದನದ ಡಾಕ್ಟರಿಕೆ. ಮಲೇರಿಯಾಕ್ಕೂ ಅವರಿಗೂ ಸಂಬಂಧವಿಲ್ಲ. ಸೊಳ್ಳೆ ಕಂಡರೆ ನಮ್ಮ ನಿಮ್ಮ ಹಾಗೆ ಚಪ್ಪಾಳೆ ತಟ್ಟಿ ಕೊಲ್ಲುತ್ತಿದ್ದರು. ಅವರು ಜೀವಮಾನವಿಡೀ ಸಾಕಿದ್ದು ನೊಣ. ಆಫ್ರಿಕದ ನಿದ್ದೆ ಕಾಯಿಲೆಯನ್ನು ಹರಡುವ ತ್ಸೆತ್ಸೆ ಎಂಬ ನೊಣ. ಸಭೆಯಲ್ಲಿ ಆ ನೊಣದ ಹೆಸರನ್ನು ಯಾರೂ ಎತ್ತಲಿಲ್ಲ, ಅದಕ್ಕೆ ಈ ಬರಹ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರು ಬರೆದರೆ ಹಿಂದೊಂದು ಮುಂದೊಂದು ವಿಶೇಷಣ ಹಾಕಬೇಕಾಗುತ್ತದೆ, ಅದು ಅವರಿಗೆ ಆಗಿಬರುತ್ತಿರಲಿಲ್ಲ. ನಾನು ಸರ್ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಅಷ್ಟರಲ್ಲೇ ನಮ್ಮ ಹತ್ತಿರ ಹತ್ತಿರ ಹತ್ತು ವರ್ಷ ಕಳೆಯಿತು.

ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಗಂಡನ ನೌಕರಿಯ ಬೆನ್ನಿಗೆ ಈ ಊರಿಗೆ ಬಂದವಳು ನಾನು. ಮಗ ಕಿಂಡರ್‌ಗಾರ್ಟನ್ ಸೇರಿದ ಮೇಲೆ ಇಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಅರ್ಧ ದಿನದ ಲ್ಯಾಬ್ ಕೆಲಸ ಸಿಕ್ಕಿತು. ಮೊದಲ ದಿನ ಅಲ್ಲವೇ ಅಂತ ಹೊಸ ಕಡುನೀಲಿ ಕುರ್ತಾ ಹಾಕಿಕೊಂಡು ಹೋದೆ. ನೊಣದ ಕೋಣೆಯ ಬಾಗಿಲಲ್ಲಿ ಉದ್ದಕ್ಕೆ, ತೆಳ್ಳಗೆ, ಹಣೆಯ ಮೇಲೆ ವಿಭೂತಿಯ ಮಾಸಲು ಗುರುತಿದ್ದವರೊಬ್ಬರು ಅಡ್ಡ ನಿಂತಿದ್ದರು. ಹೆಸರು ನೋಡಿಯೇ ನಾನು ಕನ್ನಡದವಳು ಅಂತ ಊಹಿಸಿದ್ದರಂತೆ. ನಮಸ್ಕಾರಕ್ಕೂ ಮೊದಲು ಅವರು ಆಡಿದ ಮಾತು “ನೀಲಿ ಬ್ಯಾಡ ತಂಗಿ” ಅಂತ. ಈ ನೊಣಕ್ಕೆ ನೀಲಿ ಬಣ್ಣ ಕಂಡರೆ ತಡೆಯಲಾಗದಂತೆ, ನೀಲಿ ಬಟ್ಟೆಯವರನ್ನೇ ಹುಡುಕಿಕೊಂಡು ಬರುತ್ತದಂತೆ. ಬಿಳಿ ಕೋಟು ಕೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಸಿ, ಆಮೇಲೆ ಒಳಗೆ ಬಿಟ್ಟರು. ನಾಳೆಯಿಂದ ಸೆಂಟು, ಕೈಗೆ ಹಚ್ಚುವ ಕ್ರೀಮು, ಯಾವುದೂ ಕೂಡದು ಅಂದರು.

ಎರಡು ಬಾಗಿಲು ದಾಟಿದರೆ ಆ ಕೋಣೆ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಕರಾವಳಿಯ ಸೆಕೆ, ಮೈಯೆಲ್ಲ ಅಂಟಂಟು. ಗೋಡೆಯುದ್ದಕ್ಕೂ ಸಣ್ಣ ಬಲೆಯ ಪಂಜರಗಳು, ಒಂದೊಂದರಲ್ಲೂ ರೆಕ್ಕೆಗಳನ್ನು ಮುಚ್ಚಿದ ಕತ್ತರಿಯ ಹಾಗೆ ಒಂದರ ಮೇಲೊಂದು ಮಡಿಸಿಕೊಂಡು ಕೂತ ಕಂದು ನೊಣಗಳು. ಇವು ಅಲ್ಲೇ ಹುಟ್ಟಿ ಬೆಳೆದ ನೊಣಗಳು, ಇವುಗಳ ಮೈಯಲ್ಲಿ ರೋಗವಿರಲಿಲ್ಲ. ಆದರೂ ನಮ್ಮ ಸಂಸ್ಥೆಯಲ್ಲೇ ಆ ಬಾಗಿಲ ಮುಂದೆ ಹಾಯುವಾಗ ಹೆಜ್ಜೆ ಜೋರು ಮಾಡುವವರಿದ್ದರು.

ಈ ನೊಣ ಬೇರೆ ನೊಣಗಳ ಹಾಗೆ ಮೊಟ್ಟೆಯ ರಾಶಿ ಹಾಕುವುದಿಲ್ಲ. ತಾಯಿ ಒಂದು ಸಲಕ್ಕೆ ಒಂದೇ ಮರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಳಗೇ ಹಾಲಿನಂಥದ್ದೇನನ್ನೋ ಉಣ್ಣಿಸಿ, ತನ್ನಷ್ಟೇ ದಪ್ಪ ಆದ ಮೇಲೆ ಹೆರುತ್ತದೆ. ಮರಿ ಮರಳಿನೊಳಕ್ಕೆ ಇಳಿದು, ಪರಂಗಿ ಬೀಜದಷ್ಟು ಗಾತ್ರದ ಕಪ್ಪು ಗಟ್ಟಿ ಕೋಶವಾಗಿ ಕೂತು, ವಾರಗಳಾದ ಮೇಲೆ ನೊಣವಾಗಿ ಹೊರಬರುತ್ತದೆ. ಸರ್ ಆ ಬಸುರಿ ನೊಣಗಳ ಪಂಜರದ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಬಾಣಂತನ ಜೋರಾ ಸರ್ ಅಂತ ಛೇಡಿಸಿದರೆ, ನಿನ್ನ ಬಾಣಂತನಕ್ಕಿಂತ ಕಷ್ಟದ್ದು, ಇವಕ್ಕೆ ತವರುಮನೆ ಇಲ್ಲ ಅನ್ನುತ್ತಿದ್ದರು.

ಬಾಣಂತನಕ್ಕೆ ಬೇಕಾದ ಊಟ ರಕ್ತ. ಅದನ್ನು ತರುತ್ತಿದ್ದವರೂ ಅವರೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ, ಯಾರದಾದರೂ ಹುಟ್ಟುಹಬ್ಬದ ಕೇಕು ಕೊಟ್ಟರೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ ಕೆಳಗಿಡುವವರು, ಬೆಳಗ್ಗೆ ಎದ್ದು ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಕಸಾಯಿಖಾನೆಗೆ ಹೋಗುತ್ತಿದ್ದರು. ರಕ್ತ ಬಿಸಿಯಿರುವಾಗಲೇ ಕಡೆಯಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಅಲ್ಲೇ ನಿಂತು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿದ್ದರು. ಆ ಕೋಲಿಗೆ ಅವರಿಟ್ಟ ಹೆಸರು ಕಡಗೋಲು. ಕಸಾಯಿಖಾನೆಯ ಯಜಮಾನ ಇವರು ಮನೆಯಲ್ಲಿ ರಕ್ತದ ಸಾಸೇಜ್ ಮಾಡುತ್ತಾರೆ ಅಂತಲೇ ತಿಳಿದಿದ್ದ. ಪ್ರತಿ ಕ್ರಿಸ್‌ಮಸ್ಸಿಗೂ ಇಂಡಿಯಾದ ರೆಸಿಪಿ ಕೇಳುತ್ತಿದ್ದ. ಇವರೂ ಮುಂದಿನ ವರ್ಷ ಹೇಳುತ್ತೇನೆ ಅಂತ ಸಾಗಹಾಕುತ್ತಿದ್ದರು.

ತಂದ ರಕ್ತವನ್ನು ಬೆಚ್ಚಗಿನ ತಟ್ಟೆಗೆ ಹರಡಿ, ಮೇಲೆ ತೆಳ್ಳನೆಯ ಸಿಲಿಕೋನ್ ಹಾಳೆ ಹೊದಿಸಿ, ಅದರ ಮೇಲೆ ಪಂಜರ ಇಡುವುದು. ನೊಣಗಳು ಅದನ್ನೇ ಚರ್ಮ ಅಂದುಕೊಂಡು ಚುಚ್ಚಿ ಕುಡಿಯುತ್ತಿದ್ದವು. ನೋಡುನೋಡುತ್ತಿದ್ದಂತೆ ಹೊಟ್ಟೆ ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಉಬ್ಬುತ್ತಿತ್ತು. ಮೊದಲ ವಾರ ನನಗೆ ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು.

ಅವರಿಗೆ ಅಭ್ಯಾಸವಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಒಮ್ಮೆ ಯುಗಾದಿಗೆ ಅವರ ಮನೆಗೆ ಕೆಲವು ಕುಟುಂಬಗಳು ಬಂದಿದ್ದವು. ಬಾಗಲಕೋಟೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ನೀವು ಏನು ಕೆಲಸ ಮಾಡುತ್ತೀರಿ ಅಂತ ಕೇಳಿದರು. ಬೇರೆಯವರಾಗಿದ್ದರೆ ರಿಸರ್ಚ್ ಅಂದು ಸುಮ್ಮನಾಗುತ್ತಿದ್ದರು. ಇವರು ಕಸಾಯಿಖಾನೆಯಿಂದ ಹಿಡಿದು ಎಲ್ಲವನ್ನೂ ವಿವರವಾಗಿ ಹೇಳಿದರು. ಅಜ್ಜಿ ತಟ್ಟೆಯಲ್ಲಿದ್ದ ಶೇಂಗಾ ಹೋಳಿಗೆಯನ್ನು ಮುಟ್ಟದೆ ಎದ್ದುಬಿಟ್ಟರು. ಸರ್ ಅವರ ಹೆಂಡತಿಯನ್ನು ನಾವೆಲ್ಲ ವೈನಿ ಅನ್ನುತ್ತಿದ್ದೆವು. ವೈನಿಯ ಮುಖ ಸಣ್ಣದಾಯಿತು. ಮಾರನೆಯ ದಿನ ಲ್ಯಾಬಿನಲ್ಲಿ ಆ ಹೋಳಿಗೆಗಳ ಡಬ್ಬಿ ಬಿಚ್ಚುತ್ತ ಸರ್ ಅಜ್ಜಿಯದು ತಪ್ಪಿಲ್ಲ ಅಂದರು, ಅಷ್ಟೇ. 

ಅವರೇನು ಋಷಿಯಲ್ಲ. ಮುಂಗೋಪಿ. ಟಿಶ್ಯೂ ಪೇಪರ್ ಹೆಚ್ಚು ಬಳಸಿದರೆ ಗೊಣಗುತ್ತಿದ್ದರು, ಮೀಟಿಂಗ್ ಅಂದರೆ ಕಾಲುನೋವು ಬರುತ್ತಿತ್ತು. ಬೆಳಗ್ಗೆ ಕೋಟು ತೆಗೆದು ಗೂಟಕ್ಕೆ ಹಾಕುತ್ತ “ಬ್ಯಾಸರಾಗೇತಿ ತಂಗಿ” ಅನ್ನುವುದೇ ಅವರ ಗುಡ್ ಮಾರ್ನಿಂಗ್. ಮೊದಮೊದಲು ನಾನು ಗಾಬರಿಯಾಗಿ ಯಾಕೆ ಸರ್ ಅಂತ ಕೇಳುತ್ತಿದ್ದೆ. ಕೊನೆಕೊನೆಗೆ ನನಗೂ ಆಗಿದೆ ಸರ್ ಅಂದು ಕೆಲಸಕ್ಕೆ ಕೂರುತ್ತಿದ್ದೆ. ನನ್ನ ಕಾಂಟ್ರಾಕ್ಟು ವರ್ಷ ವರ್ಷಕ್ಕೂ ನವೀಕರಣವಾಗಬೇಕಿತ್ತು, ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡತೊಡಗಿದ್ದ. ಬೇಸರಕ್ಕೆ ನನ್ನ ಹತ್ತಿರವೂ ಕಾರಣಗಳಿದ್ದವು.

ಅವರ ಬೇಸರಕ್ಕೆ ಮುಖ್ಯ ಕಾರಣ ರಜೆ ಇಲ್ಲದ್ದು. ರೋಗದ ಪರೋಪಜೀವಿಯನ್ನು ಬೇಕಾದರೆ ದ್ರವ ಸಾರಜನಕದಲ್ಲಿ ಹಾಕಿ ವರ್ಷಗಟ್ಟಲೆ ಇಡಬಹುದು. ನೊಣವನ್ನು ಹಾಗೆ ಇಡಲಾಗುವುದಿಲ್ಲ. ಅದು ದಿನ ಬಿಟ್ಟು ದಿನ ಉಣ್ಣಲೇಬೇಕು. ದೀಪಾವಳಿ ಇರಲಿ, ಈಸ್ಟರ್ ಇರಲಿ, ಕೊರೊನಾ ಕಾಲದಲ್ಲಿ ಊರೇ ಬಾಗಿಲು ಹಾಕಿಕೊಂಡಿರಲಿ, ಯಾರಾದರೂ ಒಬ್ಬರು ಬಂದು ಉಣ್ಣಿಸಬೇಕು. ನಾನಿದ್ದೇನಲ್ಲ, ನೀವು ಹೋಗಿ ಬನ್ನಿ ಅಂದರೆ ಹೋಗುತ್ತಿದ್ದರು, ಆದರೆ ತಮ್ಮ ಊರು ಹುಬ್ಬಳ್ಳಿಯಿಂದ ದಿನವೂ ಫೋನು. ಅವರ ರಜೆಗಿಂತ ಅವರು ಇಲ್ಲಿರುವುದೇ ನನಗೆ ನೆಮ್ಮದಿ ಅನ್ನಿಸುತ್ತಿತ್ತು.

ಬೀದರಿನಲ್ಲಿ ಪಶುವೈದ್ಯಕೀಯ ಓದುವಾಗ ಅವರಿಗೆ ಸರ್ರಾ ಎಂಬ ದನಕರು, ಒಂಟೆ, ಕುದುರೆಗಳ ಜ್ವರದ ಪರಿಚಯವಾಯಿತಂತೆ. ಆಫ್ರಿಕದ ನಿದ್ದೆ ಕಾಯಿಲೆಯ ಪರೋಪಜೀವಿ ಸರ್ರಾದ ದಾಯಾದಿ. ಆ ಸಂಬಂಧ ಹಿಡಿದುಕೊಂಡು ಜರ್ಮನಿಗೆ ಬಂದರು, ಇಲ್ಲಿಂದ ಕಾಂಗೋ ದೇಶಕ್ಕೆ ಹೋಗಿ ಹಳ್ಳಿಹಳ್ಳಿ ಸುತ್ತುವ ತಪಾಸಣಾ ತಂಡದ ಜೊತೆ ಕೆಲವು ವರ್ಷ ಇದ್ದರು. ಮರದ ಕೆಳಗೆ ಬೆಂಚು ಹಾಕಿ, ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆರಳು ಚುಚ್ಚಿ ರಕ್ತ ನೋಡುವುದು, ಕತ್ತಿನ ಹಿಂದೆ ಗಂಟು ಊದಿದೆಯೇ ಅಂತ ಬೆರಳಾಡಿಸಿ ನೋಡುವುದು. ಗಂಟು ಇದ್ದರೆ ಅನುಮಾನ. ಅನುಮಾನ ನಿಜವಾದರೆ ರೋಗ ಮಿದುಳಿಗೆ ಹೋಗಿದೆಯೇ ಅಂತ ತಿಳಿಯಲು ಬೆನ್ನುಮೂಳೆಗೆ ಸೂಜಿ. ಆ ಸೂಜಿಗೆ ಹೆದರಿ ಜೀಪಿನ ಸದ್ದು ಕೇಳಿದರೆ ಜನ ಕಾಡಿಗೆ ಓಡುತ್ತಿದ್ದರಂತೆ. ಹಳೆಯ ಔಷಧದಲ್ಲಿ ಪಾಷಾಣ ಇತ್ತು, ಅದು ರಕ್ತನಾಳವನ್ನೇ ಸುಡುತ್ತಿತ್ತು, ಕೆಲವರನ್ನು ಔಷಧವೇ ಕೊಲ್ಲುತ್ತಿತ್ತು. ಈಗ ನುಂಗುವ ಮಾತ್ರೆ ಬಂದಿದೆ, ಬಹಳ ಜನರಿಗೆ ಬೆನ್ನಿಗೆ ಸೂಜಿಯೂ ಬೇಕಾಗುವುದಿಲ್ಲ. ಮಾತ್ರೆಯ ಸುದ್ದಿ ಹೇಳುವಾಗ ಮಾತ್ರ ಅವರ ಮುಖದ ಗಂಟು ಸಡಿಲವಾಗುತ್ತಿತ್ತು.

ಅಲ್ಲಿಂದ ತಂದ ಒಂದು ಅಭ್ಯಾಸ ಅವರ ಕೈ ಬಿಡಲಿಲ್ಲ. ಬೇರೆ ಹಿರಿಯರು ಮಕ್ಕಳ ತಲೆ ಸವರುತ್ತಾರೆ, ಇವರು ಕತ್ತಿನ ಹಿಂಭಾಗ ಸವರುತ್ತಿದ್ದರು. ಎರಡು ಬೆರಳು, ಕಿವಿಯ ಕೆಳಗಿನಿಂದ ಕೆಳಕ್ಕೆ. ಹಬ್ಬದ ಗದ್ದಲದಲ್ಲಿ ನನ್ನ ಮಗ ಒಮ್ಮೆ ಜರ್ಮನ್‌ನಲ್ಲಿ, ಓಪಾ, ಅಂದರೆ ಅಜ್ಜಾ, ನೀನು ಅಲ್ಲೇನು ಹುಡುಕುತ್ತೀಯ ಅಂತ ಕೇಳಿಯೇಬಿಟ್ಟ. ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ ಅಂತ ಅವರೂ ಜರ್ಮನ್‌ನಲ್ಲೇ ಹೇಳಿದರು.

ಈ ಕಾಯಿಲೆಗೆ ನಿದ್ದೆ ಅಂತ ಹೆಸರಿಟ್ಟದ್ದೇ ತಪ್ಪು ಅಂತ ಅವರ ವಾದ. ಕೇಳಿದವರು ನಗುತ್ತಾರೆ, ನಮಗೂ ಒಂದಿಷ್ಟು ಬರಲಿ ಅನ್ನುತ್ತಾರೆ. ನದಿ ದಂಡೆಯ ನೆರಳಿನಲ್ಲಿ ಹಗಲು ಹೊತ್ತು ನೊಣ ಕಚ್ಚುತ್ತದೆ. ಆಮೇಲೆ ಜ್ವರ, ತಲೆನೋವು, ಮೈಕಡಿತ, ಬರುತ್ತದೆ ಹೋಗುತ್ತದೆ. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಮಿದುಳಿಗೆ ಹೊಕ್ಕ ಮೇಲೆ ಆಟ ಶುರು. ಅವರು ಕಂಡ ಒಬ್ಬ ಹೆಂಗಸು ಸೌಟು ಹಿಡಿದುಕೊಂಡೇ ಒಲೆಯ ಮುಂದೆ ನಿದ್ದೆ ಹೋಗುತ್ತಿದ್ದಳು, ರಾತ್ರಿಯೆಲ್ಲ ಊರು ಸುತ್ತುತ್ತಿದ್ದಳು, ಹೆತ್ತ ಮಕ್ಕಳನ್ನೇ ಹೊಡೆಯುತ್ತಿದ್ದಳು. ಗಂಡ ದೆವ್ವ ಮೆಟ್ಟಿದೆ ಅಂತ ತವರಿಗೆ ಅಟ್ಟಿದ್ದ. ಚಿಕಿತ್ಸೆ ಸಿಗದಿದ್ದರೆ ಇಂಥವರು ಸಾಯುತ್ತಾರೆ, ಸಾಯುವ ಮೊದಲೇ ಮನೆಯವರಿಗೆ ಬೇಡವಾಗುತ್ತಾರೆ. “ನಿದ್ದಿ ಹೆಚ್ಚಾಗೂದಲ್ಲ ತಂಗಿ, ನಿದ್ದಿಗೆ ತನ್ನ ಹೊತ್ತು ಮರ್ತು ಹೋಗ್ತೈತಿ” ಅನ್ನುತ್ತಿದ್ದರು. ಆಕೆ ಚಿಕಿತ್ಸೆಯಿಂದ ಬದುಕಿದಳು. ಗಂಡ ವಾಪಸು ಕರೆದುಕೊಂಡನೇ ಅಂತ ನಾನು ಕೇಳಿದ್ದಕ್ಕೆ, ತಾವಿದ್ದಷ್ಟು ದಿನ ಇಲ್ಲ ಅಂದರು.

ತಡೆಯುವುದಕ್ಕೆ ಎರಡೇ ದಾರಿ. ಕಾಯಿಲೆಯವರನ್ನು ಹುಡುಕಿ ಗುಣಪಡಿಸಿದರೆ ನೊಣಕ್ಕೆ ಹೊತ್ತೊಯ್ಯಲು ರೋಗ ಸಿಗುವುದಿಲ್ಲ. ಇನ್ನೊಂದು, ನೊಣವನ್ನೇ ಕಡಿಮೆ ಮಾಡುವುದು. ಅದಕ್ಕೆ ವಿಷ ಸವರಿದ ನೀಲಿ ಬಟ್ಟೆಯನ್ನು ನದಿ ದಂಡೆಯಲ್ಲಿ ನೆಡುತ್ತಾರೆ, ನೀಲಿಗೆ ಮರುಳಾಗಿ ಬಂದ ನೊಣ ಅದನ್ನು ಮುಟ್ಟಿ ಸಾಯುತ್ತದೆ. ಇವರ ತಂಡ ಒಂದು ಊರಿನಲ್ಲಿ ಬಟ್ಟೆ ನೆಟ್ಟು ಹೋಗಿ, ಮತ್ತೆ ಬಂದಾಗ ಗೂಟಗಳಷ್ಟೇ ಇದ್ದವಂತೆ. ಊರೊಳಗೆ ಹೋದರೆ ಮಕ್ಕಳೆಲ್ಲ ನೀಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾರೆ. ತಂಡದವರು ಬೈಯಲು ಹೊರಟರು. ಇವರು ಆ ಚಡ್ಡಿ ಹೊಲಿದ ದರ್ಜಿಯನ್ನು ಹುಡುಕಿ, ಮುಂದಿನ ಸಲದ ಬಟ್ಟೆಗಳನ್ನೆಲ್ಲ ಅವನ ಕೈಯಲ್ಲೇ ಹೊಲಿಸಿದರು, ವಿಷದ ಸಂಗತಿಯನ್ನೂ ಅವನ ಬಾಯಲ್ಲೇ ಹೇಳಿಸಿದರು. ಆಮೇಲೆ ಒಂದೂ ಕಳುವಾಗಲಿಲ್ಲ. ನಾವು ನೊಣದ ಬಗ್ಗೆ ದಿನವಿಡೀ ಹೇಳಿದ್ದೆವು, ಬಟ್ಟೆಯ ಬಗ್ಗೆ ಯಾರೂ ಹೇಳಿರಲಿಲ್ಲ ಅಂತ ಅವರು ನಗುತ್ತಿದ್ದರು.

ಕಾಯಿಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂತು. ಅದರ ಜೊತೆಗೆ ನಮಗೆ ಬರುವ ಅನುದಾನವೂ ಕಡಿಮೆಯಾಯಿತು. ರೋಗಿಗಳಿಲ್ಲದ ರೋಗಕ್ಕೆ ಯಾರು ಕೊಡುತ್ತಾರೆ. ಸರ್ ನಿವೃತ್ತಿಯ ಜೊತೆಗೆ ನೊಣದ ಕೋಣೆಯನ್ನೂ ಮುಚ್ಚುವುದು ಅಂತ ತೀರ್ಮಾನವಾಯಿತು. ವರ್ಷದ ಕೊನೆಗೆ ಅವರ ನಿವೃತ್ತಿ, ವಸಂತಕ್ಕೆ ಕೋಣೆ ಖಾಲಿ. ಮೀಟಿಂಗಿನಿಂದ ಬಂದ ಸರ್ ಕುರ್ಚಿಯಲ್ಲಿ ಕೂತು, ಹಿಂದೆಯೂ ಒಮ್ಮೆ ಈ ಕಾಯಿಲೆ ಇನ್ನೇನು ಹೋಯಿತು ಅನ್ನುವ ಹಾಗಾಗಿತ್ತು ಅಂತ ಹೇಳಿದರು. ಆಗ ತಪಾಸಣೆಯವರೆಲ್ಲ ಜೀಪು ಹತ್ತಿ ಹೋದರಂತೆ. ಆ ಊರುಗಳ ಮುಂದಿನ ತಲೆಮಾರಿಗೆ ಅದು ವಾಪಸು ಬಂತು. “ಮುಗೀಲಿಕ್ಕೆ ಬಂದಾಗ ಎದ್ದು ಹೋಗೂದು, ಇದು ನಮ್ಮ ರೋಗ” ಅಂದರು. ಅದಕ್ಕೆ ಔಷಧ ಇಲ್ಲ ಅಂತಲೂ ಸೇರಿಸಿದರು.

ನೊಣಗಳನ್ನು ತೆಗೆದುಕೊಳ್ಳುತ್ತೀರಾ ಅಂತ ಅನೇಕ ಕಡೆ ಕೇಳಿದರು. ಹೂಂ ಅಂದದ್ದು ಒಬ್ಬಳೇ. ಅವರ ಹತ್ತಿರವೇ ಇಲ್ಲಿ ಓದಿ, ಈಗ ಕಾಂಗೋದಲ್ಲಿ ಲ್ಯಾಬ್ ನಡೆಸುತ್ತಿದ್ದ ಹಳೆಯ ವಿದ್ಯಾರ್ಥಿನಿ. ಅಲ್ಲಿನ ಕಾಡು ನೊಣಗಳು ನೀಲಿ ಬಟ್ಟೆಯ ವಿಷಕ್ಕೆ ಒಗ್ಗಿಹೋಗುತ್ತಿವೆಯೇ ಅಂತ ಆಕೆಗೆ ಪರೀಕ್ಷಿಸಬೇಕಿತ್ತು. ಒಗ್ಗಿಹೋಗಿದ್ದರೆ ಬಟ್ಟೆ ನೆಟ್ಟೂ ಪ್ರಯೋಜನವಿಲ್ಲ, ದಂಡೆಯ ಊರುಗಳಲ್ಲಿ ಉಳಿದಿರುವ ಕೊನೆಯ ರೋಗಿಗಳಿಂದ ಮತ್ತೆ ಹರಡುತ್ತದೆ. ಹೋಲಿಸಿ ನೋಡಲು ತಲೆತಲಾಂತರದಿಂದ ವಿಷವನ್ನೇ ಕಾಣದ ನೊಣಗಳು ಬೇಕು. ತಕ್ಕಡಿಗೆ ತೂಕದ ಕಲ್ಲು ಹೇಗೋ ಹಾಗೆ. ಅಂಥವು ನಮ್ಮ ಕೋಣೆಯಲ್ಲಿದ್ದವು. ವಸಂತದಲ್ಲಿ ಬರುತ್ತೇನೆ, ಒಂದು ಡಬ್ಬಿ ತುಂಬ ಕೋಶ ಕೊಡಿ ಅಂದಳು. ಅಷ್ಟನ್ನು ಕೊಟ್ಟು ಕಳಿಸಿದರೆ ತಮ್ಮ ಕೆಲಸ ಮುಗಿಯಿತು ಅಂತ ಸರ್ ಲೆಕ್ಕ ಹಾಕಿಕೊಂಡರು.

ಆ ಶರತ್ಕಾಲದ ಆಯುಧಪೂಜೆ ಬಂತು. ಪ್ರತಿ ವರ್ಷವೂ ಅವರು ಮೈಕ್ರೋಸ್ಕೋಪಿಗೆ ವಿಭೂತಿ ಕುಂಕುಮ ಹಚ್ಚಿ, ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಏರಿಸಿ, ಸೈಕಲ್ಲಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್‌ಗೂ ಇದು ಇಷ್ಟವಾಗಿ, ತನ್ನ ಡ್ರಿಲ್ಲಿಂಗ್ ಯಂತ್ರ ತಂದು ಕುಂಕುಮ ಹಚ್ಚಿಸಿಕೊಂಡು ಹೋಗುತ್ತಿದ್ದ. ಹೊಗೆ ಮಾತ್ರ ಯಾವ ವರ್ಷವೂ ಮಾಡಿರಲಿಲ್ಲ. ಆ ಸಲ ಸರ್ ಜೇಬಿನಿಂದ ಒಂದು ಊದುಬತ್ತಿ ತೆಗೆದು, “ಕಡೀ ವರ್ಷ ಅಲ್ಲಾ, ಒಂದು ಊದಿನಕಡ್ಡಿ ಹಚ್ಚೂಣು” ಅಂದರು. ಕಾರಿಡಾರಿನಲ್ಲಿ ಹಚ್ಚಿದರೆ ಅಲಾರಾಂ ಕೂಗುತ್ತದೆ ಅಂತ, ನೊಣದ ಕೋಣೆಗೆ ಮೊದಲಿನ ಆ ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ಹಚ್ಚಿ, ಒಳಬಾಗಿಲಿಗೆ ಬೆಳಗಿ, ಅಲ್ಲೇ ಸಿಕ್ಕಿಸಿದರು. ಒಳಬಾಗಿಲು ಭದ್ರವಾಗಿ ಮುಚ್ಚಿತ್ತು. ಒಳಕ್ಕೆ ಗಾಳಿ ಎಳೆದುಕೊಳ್ಳುವ ಕಿಂಡಿ ಅದೇ ಜಾಗದಲ್ಲಿತ್ತು. ಅದು ಅವರಿಗೆ ಗೊತ್ತಿಲ್ಲದ್ದಲ್ಲ, ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು. ಒಂದು ಕಡ್ಡಿಯಿಂದ ಏನಾಗುತ್ತದೆ ಅಂದುಕೊಂಡರೋ, ಏನನ್ನೂ ಅಂದುಕೊಳ್ಳದಷ್ಟು ದಣಿದಿದ್ದರೋ.

ಮಧ್ಯಾಹ್ನ ಉಣ್ಣಿಸಲು ಹೋದರೆ ಪಂಜರಗಳ ತಳದಲ್ಲಿ ನೊಣಗಳು ಬೆನ್ನಡಿಯಾಗಿ ಬಿದ್ದು ಗಿರಗಿರ ತಿರುಗುತ್ತಿದ್ದವು. ಆಗಲೇ ಸತ್ತವು ಬಹಳ. ಆ ಕಡ್ಡಿ ಎಲ್ಲಿಂದ ಬಂದದ್ದು ಅಂತ ಸರ್ ವೈನಿಗೆ ಫೋನು ಮಾಡಿ ಕೇಳಿದರು. ಹುಬ್ಬಳ್ಳಿಯಿಂದ ಬಂದು ಹೋದ ನಾದಿನಿ ಎರಡು ಕಟ್ಟು ಕಡ್ಡಿ ತಂದಿದ್ದಳು, ಒಂದು ಪೂಜೆಗೆ, ಒಂದು ಸೊಳ್ಳೆಗೆ. ಎರಡೂ ಒಂದೇ ಡಬ್ಬಿಯಲ್ಲಿ ಬೆರೆತುಹೋಗಿದ್ದವು. ಸೊಳ್ಳೆಯ ಕಡ್ಡಿಯಲ್ಲಿರುವುದು ನೀಲಿ ಬಟ್ಟೆಗೆ ಸವರುವ ವಿಷದ ಜಾತಿಯದೇ.

ಅವರು ಸ್ಟೂಲಿನ ಮೇಲೆ ಕೂತರು. ಅಳುತ್ತಾರೇನೋ ಅಂತ ನಾನು ಹೆದರಿದೆ. ಅವರು ನನ್ನ ಕಡೆ ನೋಡದೆ ನಿಧಾನವಾಗಿ ಹೇಳಿದರು.

“ಖರೇ ಹೇಳ್ತೀನಿ ತಂಗಿ. ಸತ್ತಿದ್ದು ನೋಡಿದ ಕೂಡಲೆ ಎದಿ ಹಗರ ಆತು. ನಾಳಿ ಕಸಾಯಿಖಾನಿಗೆ ಹೋಗೂದು ತಪ್ಪಿತು ಅನಿಸ್ತು. ಆಮ್ಯಾಲ ನನ್ನ ಮ್ಯಾಲ ನನಗ ಹೇಸಿಗಿ ಬಂತು.”

ನನಗೂ ಒಳಗೆ ಹಾಗೇ ಅನ್ನಿಸಿತ್ತು. ಏನಾದರೂ ಮಾಡಬೇಕಲ್ಲ ಅಂತ, ಇನ್ನೂ ಹಾರಾಡುತ್ತಿದ್ದ ಕೆಲವು ನೊಣಗಳನ್ನು ಹಿಡಿದು ಬೇರೆ ಪಂಜರಕ್ಕೆ ಹಾಕತೊಡಗಿದೆ. ಉಳಿದವು ಇವೆ ಸರ್, ಇವುಗಳಿಂದಲೇ ಮತ್ತೆ ಬೆಳೆಸಬಹುದು ಅಂದೆ. ಅವರು ಎದ್ದು ಬಂದು ನನ್ನ ಕೈಯಿಂದ ಪಂಜರ ತೆಗೆದುಕೊಂಡು, “ಇವು ಬ್ಯಾಡ. ಇವು ವಿಷ ತಡ್ಕೊಂಡು ಉಳದಾವ” ಅಂದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ವಿಷ ತಾಳಿಕೊಂಡವುಗಳ ಮರಿಗಳನ್ನು ಕಳಿಸಿದರೆ ಆಕೆಯ ತೂಕದ ಕಲ್ಲೇ ಸುಳ್ಳಾಗುತ್ತಿತ್ತು. ಅಲ್ಲಿ ನೊಣ ಒಗ್ಗಿಹೋಗಿದ್ದರೂ ಒಗ್ಗಿಲ್ಲ ಅಂತ ಪರೀಕ್ಷೆ ಹೇಳುತ್ತಿತ್ತು, ಊರುಗಳು ಅದನ್ನು ನಂಬುತ್ತಿದ್ದವು. ಬದುಕಿ ಉಳಿದ ಅಷ್ಟೂ ನೊಣಗಳನ್ನು, ಅವುಗಳಲ್ಲಿ ಬಸುರಿಯರನ್ನೂ ಸೇರಿಸಿ, ಅವರು ತಾವೇ ಫ್ರೀಜರಿನಲ್ಲಿಟ್ಟು ಬಾಗಿಲು ಮುಚ್ಚಿದರು.  

ಉಳಿದದ್ದು ಮರಳಿನ ತಟ್ಟೆಗಳು. ಮರಳಿನೊಳಗೆ ಗಟ್ಟಿ ಚಿಪ್ಪಿನಲ್ಲಿ ಹೂತು ಕೂತಿದ್ದ ಕೋಶಗಳಿಗೆ ಹೊಗೆ ತಟ್ಟಿರಲಿಲ್ಲ ಅಂತ ಅವರ ನಂಬಿಕೆ. ಮರಳನ್ನು ಜರಡಿ ಹಿಡಿದು ಒಂದೊಂದನ್ನೇ ಆರಿಸಿದೆವು. ಕೋಣೆಯನ್ನು ಗೋಡೆಯಿಂದ ಹಿಡಿದು ತೊಳೆದೆವು, ಪಂಜರಗಳನ್ನೆಲ್ಲ ಎಸೆದು ಹೊಸವು ತಂದೆವು. ಆಮೇಲೆ ಅವರು ನಿರ್ದೇಶಕರ ಕೋಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ ಬಂದರು. ನಿರ್ದೇಶಕರು ಮರುಕ ತೋರಿಸಿದರಂತೆ, ಆದರೆ ವಸಂತದ ಗಡುವು ಮುಂದೆ ಹೋಗುವುದಿಲ್ಲ ಅಂದರಂತೆ.

ಆ ಚಳಿಗಾಲ ನೆನೆದರೆ ನನಗೆ ಈಗಲೂ ಸುಸ್ತಾಗುತ್ತದೆ. ಕೋಶಗಳಿಂದ ನೊಣಗಳು ಹೊರಬಂದವು, ಎಲ್ಲ ಅಲ್ಲ. ಅವು ಕೂಡಿ, ಬಸುರಾಗಿ, ಒಂದೊಂದೇ ಮರಿ ಹೆರಬೇಕು. ಎಷ್ಟು ಗಡಿಬಿಡಿ ಮಾಡಿದರೂ ಅವು ತಮ್ಮ ಹೊತ್ತಿಗೇ ಹೆರುವುದು. ನಿವೃತ್ತಿಯ ದಿನ ನಾವು ತರಿಸಿದ್ದ ಮೊಟ್ಟೆ ಹಾಕದ ಕೇಕು ಕತ್ತರಿಸಿದ ಸರ್, ಮಾರನೆಯ ಬೆಳಗ್ಗೆ ಎಂದಿನಂತೆ ರಕ್ತದ ಡಬ್ಬಿ ಹಿಡಿದು ಬಂದರು. ಸಂಬಳವಿಲ್ಲ, ಹೌಸ್‌ಮೈಸ್ಟರ್ ಮಾತ್ರ ಅವರ ಬೀಗದ ಕೈ ವಾಪಸು ಕೇಳಲು ಮರೆತ. ಹಿಮದಲ್ಲಿ ಸೈಕಲ್ ಜಾರಿ ಒಮ್ಮೆ ಬಿದ್ದರು, ಮಂಡಿ ಊದಿತು. ಅಣ್ಣನ ಮಗಳ ಮದುವೆಗೆ ವೈನಿ ಒಬ್ಬರೇ ಹುಬ್ಬಳ್ಳಿಗೆ ಹೋಗಿ ಬಂದರು, ಸಿಟ್ಟಿನಿಂದ ಕೆಲವು ದಿನ ಮಾತು ಬಿಟ್ಟರು. ರಾತ್ರಿಯೂ ಎದ್ದು ಕೂತಿರುತ್ತಾರೆ, ಕಣ್ಣು ಮುಚ್ಚುವುದೇ ಇಲ್ಲ ಅಂತ ನನ್ನ ಹತ್ತಿರ ದೂರಿದರು. ನಾನು ಸರ್‌ಗೆ ಬೈದೆ. ಅವರು ಕೇಳಿಸಿಕೊಂಡು, ಹೌದು ಅಂದು, ಪಂಜರಕ್ಕೆ ಕೈ ಹಾಕಿದರು.

ವಸಂತದಲ್ಲಿ ಆಕೆ ಬಂದಳು. ಎತ್ತರದ, ದೊಡ್ಡ ನಗುವಿನ ಹೆಂಗಸು. ಇಬ್ಬರೂ ಜರ್ಮನ್‌ನಲ್ಲಿ ಮಾತಾಡುತ್ತಿದ್ದರು. ಊದುಬತ್ತಿಯ ಕತೆ ಕೇಳಿ ಆಕೆ ನಕ್ಕದ್ದು ಕಾರಿಡಾರಿಗೆಲ್ಲ ಕೇಳಿಸಿತು. ನಾವು ವರ್ಷಗಳಿಂದ ಕೊಲ್ಲಲು ಒದ್ದಾಡುತ್ತಿದ್ದೇವೆ, ನೀವು ಪೂಜೆ ಮಾಡಿಯೇ ಕೊಂದಿರಿ ಅಂದಳು. ಆಯುಧಪೂಜೆಯಾದ ಮೇಲೆ ಸರ್ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಆಮೇಲೆ ಆಕೆ ತಟ್ಟೆಯ ಮುಂದೆ ಕೂತು ಕೋಶಗಳನ್ನು ಬಹಳ ಹೊತ್ತು ನೋಡಿದಳು. ಕೇಳಿದ್ದ ಡಬ್ಬಿ ತುಂಬಿರಲಿಲ್ಲ, ಅರ್ಧಕ್ಕೆ ಸ್ವಲ್ಪ ಮೇಲಿತ್ತು. ಸರ್ ಗೋಡೆಗೆ ಒರಗಿ ನಿಂತಿದ್ದರು. ಇಷ್ಟರಿಂದ ಶುರು ಮಾಡಬಹುದು, ನಿಧಾನವಾಗುತ್ತದೆ ಅಷ್ಟೇ ಅಂದಳು. ಸರ್ ತಲೆಯಾಡಿಸಿ ಕೈ ತೊಳೆಯಲು ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು.

ನ್ಯೂರ್ನ್‌ಬೆರ್ಗಿನ ವಿಮಾನ ನಿಲ್ದಾಣದವರೆಗೆ ನಾವಿಬ್ಬರೂ ಹೋದೆವು. ಒದ್ದೆ ಹತ್ತಿಯ ನಡುವೆ ಕೋಶಗಳನ್ನಿಟ್ಟ ಡಬ್ಬಿ ಆಕೆಯ ಕೈಚೀಲದಲ್ಲಿತ್ತು. ಕಾಗದಪತ್ರ ಎಲ್ಲ ಸರಿಯಿತ್ತು. ಒಳಗೆ ಹೋಗುವ ಮುನ್ನ ಆಕೆ, ನೊಣಗಳು ಹೊರಬಂದ ದಿನವೇ ಬರೆಯುತ್ತೇನೆ ಅಂದಳು. ಸರ್ ಬೇಡ ಅಂದರು. ಬಂದರೆ ಬರೆಯಬೇಡ, ಬರದಿದ್ದರೆ ಮಾತ್ರ ಬರೆ ಅಂದರು. ಆ ಪತ್ರ ಇವತ್ತಿನವರೆಗೂ ಬಂದಿಲ್ಲ.

ವಾಪಸು ಬರುವಾಗ ಎಸ್-ಬಾನ್ ಎಂಬ ಲೋಕಲ್ ರೈಲು ಹತ್ತಿದೆವು, ಅದು ನಮ್ಮ ಊರು ದಾಟಿ ಕೊನೆಯ ನಿಲ್ದಾಣ ಬಾಂಬೆರ್ಗ್‌ವರೆಗೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಅವರ ಮುಖಕ್ಕೆ ಬೀಳುತ್ತಿತ್ತು. ಜಾಗ ಬದಲಿಸೋಣವೇ ಅಂತ ಕೇಳಲು ತಿರುಗುವಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು. ಪಕ್ಕದ ಊರು ಫ್ಯೂರ್ತ್ ಕೂಡ ದಾಟಿರಲಿಲ್ಲ. ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಬರುತ್ತಿತ್ತು, ಎರಡೂ ಕೈ ತೊಡೆಯ ಮೇಲೆ ಖಾಲಿ ಬಿದ್ದಿದ್ದವು. ಅಷ್ಟು ವರ್ಷದಲ್ಲಿ ಅವರು ಏನನ್ನೂ ಹಿಡಿಯದೆ ಕೂತದ್ದನ್ನು ನಾನು ನೋಡಿರಲಿಲ್ಲ.

ನಾವು ಇಳಿಯಬೇಕಾದ ಎರ್ಲಾಂಗೆನ್ ಬಂತು. ಜನ ಸೈಕಲ್ ಇಳಿಸಿಕೊಂಡು ಇಳಿದರು, ಬೇರೆಯವರು ಹತ್ತಿದರು. ನಾನು ಎಬ್ಬಿಸಲು ಅರ್ಧ ಎದ್ದವಳು ಮತ್ತೆ ಕೂತೆ. ಬಾಗಿಲು ಮುಚ್ಚಿ ರೈಲು ಹೊರಟಿತು. ಎದುರಿಗೆ ಕೂತಿದ್ದ ವಯಸ್ಸಾದ ಜರ್ಮನ್ ಹೆಂಗಸು ಅವರನ್ನು ನೋಡಿ ನೋಡಿ, ಇವರಿಗೆ ಹುಷಾರಿಲ್ಲವೇ, ಯಾರನ್ನಾದರೂ ಕರೆಯಬೇಕೇ ಅಂತ ಮೆಲ್ಲಗೆ ಕೇಳಿದರು. ಇಲ್ಲ, ಕೆಲಸ ಮುಗಿಯಿತು, ನಿದ್ದೆ ಬಂದಿದೆ ಅಂದೆ. ಬಾಂಬೆರ್ಗ್ ಬರುವವರೆಗೂ ನಾನು ಅವರನ್ನು ಎಬ್ಬಿಸಲಿಲ್ಲ.